ಎರಡನೇ ಪಂಪಿನ ಸದ್ದು

ರಾತ್ರಿ ಹನ್ನೊಂದೂಕಾಲು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ... ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಆ ಬೀದಿಯಲ್ಲಿ ನಾಯಿ ಇಲ್ಲದ ರಾತ್ರಿಯನ್ನು ಯಾರೂ ಕಂಡಿಲ್ಲ. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಯ ಪಂಪಣ್ಣ ಶಿಫ್ಟ್ ಮುಗಿಸಿ ಒಬ್ಬನೇ ನಡೆದು ಬರುತ್ತಿದ್ದ.

ಪಂಪಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಊರಿಗೆಲ್ಲ ಕುಡಿಯುವ ನೀರು ಎತ್ತಿ ಕಳಿಸುವ ಪಂಪ್‌ಹೌಸಿನಲ್ಲಿ ಹತ್ತೊಂಬತ್ತು ವರ್ಷ ಆಪರೇಟರ್ ಆಗಿದ್ದವನಿಗೆ ಜನ ಇಟ್ಟದ್ದು. ವಯಸ್ಸು ನಲವತ್ತೇಳು. ಸಿಗರೇಟು ಬಿಟ್ಟು ಎರಡು ವರ್ಷ, ಅದು ಹೆಂಡತಿಯ ಲೆಕ್ಕದಲ್ಲಿ. ಅವನ ಲೆಕ್ಕದಲ್ಲಿ ದಿನಕ್ಕೆ ಎರಡು. ದೆವ್ವ ಗಿವ್ವ ಅಂದರೆ ಮೀಸೆಯಡಿಯಲ್ಲಿ ನಗುವ ಆಸಾಮಿ. ಅಂಥವನು ಆ ರಾತ್ರಿ ಹಳೇ ಬಾವಿಯ ಹತ್ತಿರ ಬಂದವನು ಗಕ್ಕನೆ ನಿಂತುಬಿಟ್ಟ.

ಆ ಬಾವಿ ಪಂಪ್‌ಹೌಸಿನ ಗೇಟಿನಿಂದ ಇನ್ನೂರು ಹೆಜ್ಜೆ. ಕಬ್ಬಿಣದ ಜಾಲರಿ ಹೊದಿಸಿ ಎಷ್ಟೋ ವರ್ಷವಾಗಿದೆ. ಕಟ್ಟೆ ಮಾತ್ರ ಇನ್ನೂ ಗಟ್ಟಿ. ಮೂರು ವರ್ಷದ ಹಿಂದೆ ಕಂಬಿಯಜ್ಜ ಸತ್ತದ್ದು ಆ ಕಟ್ಟೆಯ ಮೇಲೆಯೇ. ರಾತ್ರಿ ಹನ್ನೊಂದಕ್ಕೆ ಶಿಫ್ಟ್ ಮುಗಿಸಿ ಹೊರಟವನು ಕೂತಲ್ಲೇ ಕೂತಿದ್ದ, ಬೆಳಿಗ್ಗೆ ಹಾಲಿನವನು ನೋಡಿದ. ನಿದ್ದೆಯಲ್ಲೇ ಹೋದ, ಪುಣ್ಯವಂತ ಅಂದರು ಎಲ್ಲರೂ.

ಕಂಬಿಯಜ್ಜ ಅಂದರೆ ಜೈಲಿನಲ್ಲಿ ಕಂಬಿ ಎಣಿಸಿ ಬಂದವನು ಅಂತ ಹೊಸಬರು ತಿಳಿಯುತ್ತಿದ್ದರು. ಪಾಪ, ಇರುವೆಯನ್ನೂ ನೋಡಿ ಕಾಲಿಡುತ್ತಿದ್ದ ಮನುಷ್ಯ. ಪಂಪಣ್ಣನಿಗೆ ಕೆಲಸ ಕಲಿಸಿದವನು ಅವನೇ. ಮೂವತ್ತು ವರ್ಷ ಮೋಟಾರುಗಳ ನಡುವೆ ನಿಂತು ಎರಡು ಕಿವಿಯೂ ಮಂದವಾಗಿದ್ದವು. ಅವನ ಹತ್ತಿರ ಒಂದು ಉಕ್ಕಿನ ಕಂಬಿಯಿತ್ತು. ಎರಡೂವರೆ ಅಡಿ ಉದ್ದ, ಕಿರುಬೆರಳಿನ ದಪ್ಪ, ಒಂದು ತುದಿಗೆ ಮರದ ಹಿಡಿ. ಕಂಬಿಯ ತುದಿಯನ್ನು ಓಡುವ ಪಂಪಿನ ಹೊಟ್ಟೆಗೆ ಒತ್ತಿ, ಮರದ ಹಿಡಿಯನ್ನು ಬಾಯಿಯ ಎಡಮೂಲೆಗೆ ತೂರಿಸಿ ದವಡೆಯಲ್ಲಿ ಕಚ್ಚುತ್ತಿದ್ದ. ಕಿವಿಗೆ ಕೇಳದ್ದು ಹಲ್ಲಿನ ಮೂಲಕ ತಲೆಗೆ ಹತ್ತುತ್ತಿತ್ತು. ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತು, "ಹಿಂದಿನ ಬೇರಿಂಗು. ಇನ್ನು ಎಂಟು ದಿನ" ಅನ್ನುತ್ತಿದ್ದ. ಎಂಟನೇ ದಿನ ಬೇರಿಂಗು ಹೋಗುತ್ತಿತ್ತು.

ಅವನು ಸತ್ತ ಮೇಲೆ ಆ ಕಂಬಿ ಪಂಪಣ್ಣನ ಪಾಲಿಗೆ ಬಂತು. ಕಿವಿ ಸರಿಯಿದ್ದರೂ ಕಚ್ಚುವ ಅಭ್ಯಾಸವೂ ಬಂತು. ಅದಕ್ಕೇ ನೋಡಿ, ಹದಿನೈದು ದಿನದಿಂದ ಎಡದವಡೆ ನೋಯತೊಡಗಿದಾಗ ಪಂಪಣ್ಣ ತಲೆ ಕೆಡಿಸಿಕೊಳ್ಳಲಿಲ್ಲ. ಕಂಬಿ ಕಚ್ಚಿ ಕಚ್ಚಿ ಹಲ್ಲು ಸಡಿಲವಾಗಿದೆ ಅಂದುಕೊಂಡ. ಎಡತೋಳು ಜೋಮು ಹಿಡಿದಂತೆ ಭಾರವಾದರೆ ವಾಲ್ವಿನ ಚಕ್ರ ತಿರುಗಿಸಿದ್ದಕ್ಕೆ. ಪಂಪಿರುವ ಗುಂಡಿಯಿಂದ ಮೂವತ್ತೆಂಟು ಮೆಟ್ಟಿಲು ಹತ್ತುವಾಗ ನಡುವೆ ಕೂರಬೇಕಾಗಿ ಬಂದರೆ ವಯಸ್ಸಾಯಿತು. ಎದೆಯಲ್ಲಿ ಒತ್ತಿದಂತಾದರೆ ಗ್ಯಾಸು. ಒಂದೊಂದಕ್ಕೂ ಒಂದೊಂದು ಕಾರಣ ಅವನ ಜೇಬಿನಲ್ಲಿ ತಯಾರಿತ್ತು.

ಆ ರಾತ್ರಿ ಅವನು ನಿಂತದ್ದು ಒಂದು ಸದ್ದು ಕೇಳಿ.

ಚರ್... ಚರ್... ಟಿಣ್.

ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ. ಚಪ್ಪಲಿ ಎಳೆದು ಎರಡು ಹೆಜ್ಜೆ, ಆಮೇಲೆ ಕಬ್ಬಿಣದ ತುದಿ ಕಲ್ಲಿಗೆ ತಾಗಿದ ಸದ್ದು. ಪಂಪಣ್ಣ ತಿರುಗಿ ನೋಡಿದ. ದೀಪದ ಕಂಬ, ಖಾಲಿ ರಸ್ತೆ. ನಡೆದ. ಚರ್... ಚರ್... ಟಿಣ್. ನಿಂತ. ಅದೂ ನಿಂತಿತು.

ಕಂಬಿಯನ್ನು ಊರುಗೋಲು ಮಾಡಿಕೊಂಡು ಹಾಗೆ ನಡೆಯುತ್ತಿದ್ದವನು ಈ ಊರಿನಲ್ಲಿ ಒಬ್ಬನೇ. ಆ ಕಂಬಿ ಈಗ ಪಂಪ್‌ಹೌಸಿನ ಗೋಡೆಯ ಮೊಳೆಗೆ ನೇತುಬಿದ್ದಿದೆ. ಪಂಪಣ್ಣನೇ ಕೈಯಾರೆ ನೇತುಹಾಕಿ ಬಂದದ್ದು. ಗಾಳಿ ತಣ್ಣಗಿತ್ತು, ಅವನ ಅಂಗಿ ಮಾತ್ರ ಬೆನ್ನಿಗೆ ಅಂಟುವಷ್ಟು ಬೆವರು. ಓಡೋಣವೆಂದರೆ ಉಸಿರು ಸಾಲದು. ಬಾವಿಯ ಕಟ್ಟೆಯ ಕಡೆ ನೋಡಬಾರದು ಅಂದುಕೊಂಡು ನೆಲ ನೋಡುತ್ತ ದಾಟಿದ.

ಆಗ ಬಲಗಿವಿಯ ಹತ್ತಿರವೇ... ಒಣಗಿದ, ಸಣ್ಣ ದನಿ.

"ಹಲ್ಲಲ್ಲ ಕಣೋ."

ಅಷ್ಟೇ.

ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಹೆಂಡತಿ ಬಾಗಿಲು ತೆಗೆದವಳು ಮುಖ ನೋಡಿ ಒಂದು ಹೆಜ್ಜೆ ಹಿಂದಿಟ್ಟಳು. ಅವಳು ಸ್ಕೂಲ್ ಯೂನಿಫಾರಂ ಹೊಲಿಯುವವಳು, ಆ ಹೊತ್ತಿಗೂ ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು.

"ಏನ್ರೀ ಇದು, ಸುಣ್ಣ ಬಳ್ದಂಗೆ ಆಗಿದೀರ."

"ಗ್ಯಾಸು. ಒಂದು ಸೋಡಾ ಕೊಡು."

"ದಿನಾ ಗ್ಯಾಸು. ನಿಮ್ಮ ಹೊಟ್ಟೇಲಿರೋ ಗ್ಯಾಸಲ್ಲಿ ನಮ್ಮ ಬೀದಿಗೆಲ್ಲ ಒಲೆ ಹಚ್ಚಬಹುದು," ಅಂದಳು. ಆಮೇಲೆ ದನಿ ಇಳಿಸಿ, "ದವಡೆ?" ಅಂದಳು.

"ಹಂಗೇ ಇದೆ."

"ನಾಡಿದ್ದು ಬೆಳಿಗ್ಗೆ ಹತ್ತಕ್ಕೆ ಹಲ್ಲಿನ ಡಾಕ್ಟ್ರ ಹತ್ರ ಹೇಳಿಟ್ಟಿದೀನಿ. ಈ ಸಲ ತಪ್ಪಿಸಿದ್ರೆ ನಾನೇ ಕತ್ತರಿ ತಗೊಂಡು ಕೀಳ್ತೀನಿ."

ಪಂಪಣ್ಣನಿಗೆ ನಿದ್ದೆ ಹತ್ತಲಿಲ್ಲ. ಮಲಗಿದರೆ ಎದೆಯ ಮೇಲೆ ಯಾರೋ ಹಾಸುಗಲ್ಲು ಇಟ್ಟಂತೆ. ಎರಡು ದಿಂಬು ಒರಗಿಸಿಕೊಂಡ. ಮೂರಾದವು. ಎದ್ದು ಕಿಟಕಿ ತೆಗೆದ, ಮತ್ತೆ ಮುಚ್ಚಿದ. ಕುರ್ಚಿಯಲ್ಲಿ ಕೂತ, ಎದ್ದ. ನೀರು ಕುಡಿದ. ಗೋಡೆಯ ಆಚೆ ಮಲಗಿದ್ದ ನಮಗೂ ಅವನ ಚಪ್ಪಲಿಯ ಸದ್ದು ಕೇಳುತ್ತಿತ್ತು. ಆ ದನಿಯ ಮಾತು ಅವನ ತಲೆಯೊಳಗೆ ಗೂಡು ಕಟ್ಟಿತ್ತು. ಹಲ್ಲಲ್ಲ ಕಣೋ. ಏನು ಹಲ್ಲಲ್ಲ...

ಅವನು ಯಾರಿಗೂ ಹೇಳದ ಒಂದು ಸಂಗತಿಯಿತ್ತು. ಸಾಯುವ ವಾರ ಕಂಬಿಯಜ್ಜನೂ ದವಡೆ ನೋವು ಅಂದಿದ್ದ. ತಡೆಯಲಾರದೆ ಮುಖ ಕಿವುಚುತ್ತಿದ್ದ. "ಕೀಳಿಸಿಬಿಡಿ ಅಜ್ಜ, ಎಷ್ಟು ದಿನ ಸಹಿಸ್ತೀರಿ" ಅಂತ ಒತ್ತಾಯ ಮಾಡಿ, ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದವನು ಪಂಪಣ್ಣನೇ. ಹಲ್ಲು ಕಿತ್ತ ಎರಡನೇ ರಾತ್ರಿ ಅಜ್ಜ ಬಾವಿಕಟ್ಟೆಯ ಮೇಲೆ ತಣ್ಣಗಾಗಿದ್ದ. ಎರಡಕ್ಕೂ ಸಂಬಂಧವಿದೆ ಅಂತ ಯಾರೂ ಅನ್ನಲಿಲ್ಲ. ಪಂಪಣ್ಣನ ಹೊಟ್ಟೆಯೊಳಗೆ ಮಾತ್ರ ಒಂದು ಮುಳ್ಳು ಉಳಿದುಬಿಟ್ಟಿತ್ತು. ಅಜ್ಜ ಈಗ ಆ ಲೆಕ್ಕ ಕೇಳಲು ಬಂದಿದ್ದಾನೆ ಅಂದುಕೊಂಡು, ಅಷ್ಟು ದೊಡ್ಡ ಗಂಡಸು ಕತ್ತಲಲ್ಲಿ ಕೂತು ಹೆದರಿದ.

ಬೆಳಿಗ್ಗೆ ಎದ್ದವನು ಎರಡು ಕೆಲಸ ಮಾಡಿದ. ಒಂದು, ಪಂಪ್‌ಹೌಸಿಗೆ ಹೋಗಿ ಕಂಬಿ ತೆಗೆದುಕೊಂಡು ಬಡಗಿಯ ಅಂಗಡಿಗೆ ಹೋದ. ಅಜ್ಜನ ಕಾಲದ ಹಿಡಿ ಸೀಳು ಬಿಟ್ಟಿತ್ತು. ಅದನ್ನು ತೆಗೆಸಿ ಬಿಳೀ ಮರದ ಹೊಸ ಹಿಡಿ ಹಾಕಿಸಿದ. ಹಳೆಯದನ್ನು ಕಳಚಿಬಿಟ್ಟರೆ ಹಳಬನೂ ಬಿಟ್ಟು ಹೋಗುತ್ತಾನೆ ಅಂತ ಅವನ ಲೆಕ್ಕಾಚಾರ ಇದ್ದಿರಬೇಕು. ಬಡಗಿ ಮರಳು ಕಾಗದದಲ್ಲಿ ಉಜ್ಜಿ, ಕನ್ನಡಿಯಷ್ಟು ನುಣುಪು ಮಾಡಿ ಕೊಟ್ಟ. "ಕಚ್ಚಿ ನೋಡು" ಅಂತ ನಕ್ಕ. ಪಂಪಣ್ಣ ಕಚ್ಚಲಿಲ್ಲ. ದವಡೆ ಮುಟ್ಟಿದರೆ ನೋಯುವಂತಾಗಿ ವಾರವಾಗಿತ್ತು, ಆ ವಾರವೆಲ್ಲ ಅವನು ಹಿಡಿಯನ್ನು ಕಿವಿಗೇ ಒತ್ತಿಕೊಂಡು ಕೇಳುತ್ತಿದ್ದದ್ದು.

ಎರಡನೆಯದು, ಅಜ್ಜಿಯನ್ನು ನೋಡಲು ಹೋದ. ಕಂಬಿಯಜ್ಜನ ಹೆಂಡತಿ ಒಂದೇ ಕೋಣೆಯ ಮನೆಯಲ್ಲಿ ಮಗಳ ಜೊತೆ ಇದ್ದಳು. ಆ ಹೊತ್ತಿಗೆ ಮಗಳು ಕೆಲಸಕ್ಕೆ ಹೋಗಿದ್ದಳು. ಅಜ್ಜಿ ಕಂಬಿಯನ್ನು ನೋಡಿ ಕೈಯಲ್ಲಿ ಸವರಿದಳು. ಹೊಸ ಹಿಡಿಯ ಮೇಲೆ ಬೆರಳು ನಿಲ್ಲಿಸಿದಳು.

"ಅಜ್ಜಿ... ಅಜ್ಜ ಕೊನೇ ವಾರ ಹೆಂಗಿದ್ರು?"

ಅಜ್ಜಿ ಅವನ ಮುಖವನ್ನೇ ನೋಡಿದಳು. "ಮೂರು ವರ್ಷ ಆದಮೇಲೆ ಕೇಳ್ತಾ ಇದೀಯಲ್ಲ."

"ಹಂಗಲ್ಲ, ಸುಮ್ನೆ."

"ಹೆಂಗಿರ್ತಾರೆ. ದವಡೆ ನೋವು ಅನ್ನೋರು. ಎಡತೋಳು ನನ್ನದಲ್ಲ ಅನ್ನೋ ಹಂಗಿದೆ ಅನ್ನೋರು. ನಡುರಾತ್ರಿ ಬೆವೆತು ಬನೀನು ಹಿಂಡೋ ಹಾಗೆ. ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿ ಕೂತಿರೋರು. ನಾನು ಹಲ್ಲಿನ ನೋವಿಗೆ ಜ್ವರ ಬಂದಿದೆ ಅಂದ್ಕೊಂಡೆ. ಓದಿಲ್ಲ, ಬರೆದಿಲ್ಲ, ನನಗೇನು ಗೊತ್ತು."

ಪಂಪಣ್ಣ ಎಡತೋಳು ಉಜ್ಜಿಕೊಂಡ.

"ಹಲ್ಲು ಕಿತ್ತ ಡಾಕ್ಟ್ರು ಕಾಗದದಲ್ಲಿ ಸುತ್ತಿ ಕೊಟ್ಟಿದ್ರಲ್ಲ, ಮನೆಗೆ ತಂದು ತೋರಿಸಿದ್ರು. ಕೆಳಗಿನ ಸಾಲು, ಎಡಗಡೆ, ಹಿಂದಿನಿಂದ ಮೂರನೇದು. ಒಂದು ಹುಳುಕಿಲ್ಲ, ಬೇರು ಬೆಣಚುಕಲ್ಲಿನ ಹಂಗೆ. ಇಷ್ಟು ಒಳ್ಳೇ ಹಲ್ಲನ್ನ ಯಾಕೆ ಕೀಳಿಸಿದ್ನಪ್ಪಾ ಅಂತ ಅವ್ರೇ ಪೇಚಾಡಿದ್ರು. ಕಿತ್ತ ಮೇಲೂ ನೋವು ಹೋಗ್ಲಿಲ್ಲ ನೋಡು."

"ನಾನೇ ಕರ್ಕೊಂಡು ಹೋದದ್ದು ಅಜ್ಜಿ."

"ಗೊತ್ತು. ಅವ್ರೂ ಹೇಳಿದ್ರು. ನನ್ನ ಮಗನ ಹಂಗೆ ಸ್ಕೂಟರಲ್ಲಿ ಕೂರಿಸ್ಕೊಂಡು ಹೋದ, ವಾಪಸ್ ಬರ್ತಾ ಐಸ್‌ಕ್ರೀಂ ಕೊಡಿಸ್ದ ಅಂತ. ನೀನು ಅದನ್ನ ಹೊತ್ಕೊಂಡು ಓಡಾಡ್ತಾ ಇದೀಯಾ?"

ಪಂಪಣ್ಣ ತಲೆ ತಗ್ಗಿಸಿ ಎದ್ದ. ಅವನಿಗೆ ಅಳು ಬಂದಿತ್ತು. ಅಜ್ಜಿ ಹೇಳಿದ ನೋವುಗಳ ಪಟ್ಟಿ ತನ್ನದೇ ಅನ್ನುವುದು ಆ ಅಳುವಿನಲ್ಲಿ ಅವನಿಗೆ ಹೊಳೆಯಲೇ ಇಲ್ಲ. ಹೊಸ್ತಿಲು ದಾಟುವಾಗ ಅಜ್ಜಿ ಹಿಂದಿನಿಂದ ಕೇಳಿದಳು.

"ನೀನ್ಯಾಕೆ ಎಡಗೈ ಹಂಗೆ ಉಜ್ಜಿಕೋತಾ ಇದೀಯ?"

"ವಾಲ್ವು ಗಟ್ಟಿ ಅಜ್ಜಿ," ಅಂದ ಪಂಪಣ್ಣ.

ಆ ದಿನ ಮಧ್ಯಾಹ್ನ ಮೂರಕ್ಕೆ ಶಿಫ್ಟಿಗೆ ಬಂದ. ಇನ್ನೊಂದು ವಿಷಯ ಹೇಳಬೇಕು. ಒಂದು ವಾರದಿಂದ ಎರಡನೇ ಪಂಪಿನಲ್ಲಿ ಅವನಿಗೊಂದು ಬಡಿತ ಕೇಳಿಸುತ್ತಿತ್ತು. ಹಿಡಿಯನ್ನು ಕಿವಿಗೆ ಒತ್ತಿದರೆ... ದಬ್. ದಬ್. ದಬ್‌ದಬ್... ಆಮೇಲೆ ಏನೂ ಇಲ್ಲ... ಮತ್ತೆ ದಬ್. ಬೇರಿಂಗಿನ ಸದ್ದು ಹಾಗಿರುವುದಿಲ್ಲ. ಬೇರಿಂಗ್ ಕೆಟ್ಟರೆ ಗರಗರ ಅನ್ನುತ್ತದೆ, ಇಲ್ಲವೇ ಸಿಳ್ಳೆ ಹೊಡೆಯುತ್ತದೆ. ಪಂಪಣ್ಣ ಎರಡು ಸಲ ಪಂಪು ಬಿಚ್ಚಿಸಿ ನೋಡಿದ. ಏನೂ ಆಗಿರಲಿಲ್ಲ. ಉಳಿದವರು ಕಿವಿಯಿಟ್ಟರೆ ಬಡಿತವೂ ಇಲ್ಲ. "ನಿನ್ನ ಕಿವಿಗೆ ಎಣ್ಣೆ ಬಿಡು" ಅಂತ ನಕ್ಕರು.

ರಾತ್ರಿ ಹನ್ನೊಂದಕ್ಕೆ ನಿದ್ದೆರಾಯ ಬಂದ. ಮೂರನೇ ಶಿಫ್ಟಿನವನು, ಇನ್ನು ಐದು ತಿಂಗಳಿಗೆ ನಿವೃತ್ತಿ. ಬಂದವನು ಕಟ್ಟಿಸಿದ ಹಲ್ಲಿನ ಸೆಟ್ಟನ್ನು ತೆಗೆದು ಲೋಟದ ನೀರಿಗೆ ಹಾಕಿ, ಮಫ್ಲರ್ ಸುತ್ತಿ, ಮೇಲಿನ ಕೋಣೆಯ ಕುರ್ಚಿಯಲ್ಲಿ ಕೂತನೆಂದರೆ ಐದೇ ನಿಮಿಷದಲ್ಲಿ ಗೊರಕೆ. ಪಂಪಣ್ಣ ಕಂಬಿಯನ್ನು ಮೊಳೆಗೆ ನೇತುಹಾಕಿ ಹೊರಟ.

ಬಾವಿಯ ಹತ್ತಿರ ಬಂದ. ಆವತ್ತೂ ನಾಯಿಗಳಿಲ್ಲ. ಹಿಂದೆ ಹೆಜ್ಜೆಯ ಸದ್ದೂ ಇಲ್ಲ. ಅಬ್ಬ, ಹಿಡಿ ಬದಲಿಸಿದ್ದು ಕೆಲಸ ಮಾಡಿತು ಅಂದುಕೊಳ್ಳುವಷ್ಟರಲ್ಲಿ...

ದಬ್. ದಬ್. ದಬ್‌ದಬ್.

ನೆಲದಿಂದ ಬಂದಂತಿತ್ತು. ಅಂಗಾಲಿಗೆ ತಾಗುವಷ್ಟು ಸ್ಪಷ್ಟ. ಇಷ್ಟು ದೂರಕ್ಕೂ ಕೇಳಿಸಬೇಕಾದರೆ ಎರಡನೇ ಪಂಪು ಇನ್ನೇನು ಒಡೆದೇ ಹೋಗುತ್ತದೆ, ಬೆಳಿಗ್ಗೆ ಊರಿಗೆ ನೀರಿಲ್ಲ. ಅವನು ಭಯವನ್ನೆಲ್ಲ ಮರೆತು ವಾಪಸ್ಸು ತಿರುಗಿದ. ದವಡೆಯ ನೋವು ಕಿವಿಯ ಬುಡಕ್ಕೆ ಹರಿದಿತ್ತು. ನಿದ್ದೆರಾಯ ಆಗಲೇ ಗೊರಕೆ ಶುರುಮಾಡಿದ್ದ. ಪಂಪಣ್ಣ ಅವನನ್ನು ಎಬ್ಬಿಸಲಿಲ್ಲ. ಮೊಳೆಯಿಂದ ಕಂಬಿ ಕಿತ್ತುಕೊಂಡು ಮೂವತ್ತೆಂಟು ಮೆಟ್ಟಿಲು ಇಳಿದ.

ಕೆಳಗೆ ಒಂದೇ ಬಲ್ಬು. ಗ್ರೀಸಿನ ವಾಸನೆ, ಒದ್ದೆ ಸಿಮೆಂಟಿನ ವಾಸನೆ. ಮೋಟಾರಿನ ಹೂಂಕಾರ ಗುಂಡಿ ತುಂಬಾ. ಪಂಪಣ್ಣ ಎರಡನೇ ಪಂಪಿನ ಮುಂದೆ ಮಂಡಿಯೂರಿ, ಕಂಬಿಯ ತುದಿ ಅದರ ಹೊಟ್ಟೆಗೆ ಒತ್ತಿ, ಹೊಸ ಹಿಡಿಯನ್ನು ಕಿವಿಗೆ ಕೊಟ್ಟ.

ದಬ್. ದಬ್‌ದಬ್... ಏನೂ ಇಲ್ಲ... ದಬ್.

"ನಿದ್ದೆರಾಯ," ಅಂತ ಕೂಗಿದ. ದನಿ ಏಳಲಿಲ್ಲ. ಕಂಬಿಯಿಂದ ಪೈಪಿಗೆ ನಾಲ್ಕು ಸಲ ಬಡಿದ. ಠಣ್ ಠಣ್ ಠಣ್ ಠಣ್. ಮೇಲೆ ಕುರ್ಚಿ ಕಿರುಗುಟ್ಟಿತು. ಕಟಕಟೆಯಿಂದ ಬೊಕ್ಕಬಾಯಿಯ ಮುಖವೊಂದು ಬಗ್ಗಿ ನೋಡಿತು.

"ಯಾರದು? ಪಂಪಣ್ಣ? ನೀನು ಹೋಗ್ಲಿಲ್ವಾ ಮಾರಾಯ?"

"ಎರಡನೇದು ಬಂದ್ ಮಾಡು. ಬೇಗ."

"ಯಾವುದನ್ನ?"

"ಎರಡನೇ ಪಂಪು. ಬಡೀತಾ ಇದೆ."

ನಿದ್ದೆರಾಯ ಇನ್ನಷ್ಟು ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಅಂದ: "ಅದನ್ನ ಹನ್ನೊಂದಕ್ಕೇ ಬಂದ್ ಮಾಡಿದೀನಲ್ಲೋ. ಓಡ್ತಾ ಇರೋದು ಒಂದನೇದು."

ಪಂಪಣ್ಣ ಅಂಗೈ ಇಟ್ಟು ನೋಡಿದ. ಎರಡನೇ ಪಂಪು ತಣ್ಣಗಿತ್ತು. ಅದರ ಶಾಫ್ಟು ನಿಶ್ಚಲವಾಗಿತ್ತು. ಬಡಿತ ಮಾತ್ರ ನಿಂತಿರಲಿಲ್ಲ.

ಮೇಲೆ ಹೋಗಬೇಕು ಅನ್ನಿಸಿತು. ಮೆಟ್ಟಿಲು ಹತ್ತಿ, ಮನೆಗೆ ನಡೆದು, ಮೂರು ದಿಂಬಿಗೆ ಒರಗಿ ಕಣ್ಣು ಮುಚ್ಚಿಬಿಡಬೇಕು. ಬೆಳಿಗ್ಗೆ ಹತ್ತಕ್ಕೆ ಹಲ್ಲು ಕೀಳಿಸಿದರಾಯಿತು. ಕಂಬಿಯನ್ನು ಪಂಪಿಗೆ ಒರಗಿಸಿಟ್ಟು ಎದ್ದ. ಮೊದಲ ಮೆಟ್ಟಿಲು. ಎರಡನೆಯದು. ಮೂರನೆಯದರ ಮೇಲೆ ಕಾಲಿಡಲು ಹೋದವನಿಗೆ ಏನೋ ಅಡ್ಡ ಸಿಕ್ಕಿತು.

ಮೆಟ್ಟಿಲಿಗೆ ಅಡ್ಡಲಾಗಿ ಕಂಬಿ ಇತ್ತು.

ಹಿಂದೆ ಪಂಪಿಗೆ ಒರಗಿಸಿಟ್ಟದ್ದು ಮುಂದೆ ಮೆಟ್ಟಿಲ ಮೇಲೆ. ನೆಲದಿಂದ ಮೊಣಕಾಲೆತ್ತರಕ್ಕೆ, ಯಾರೋ ಹಿಡಿದುಕೊಂಡಂತೆ ಗಾಳಿಯಲ್ಲಿ. ಬಲ್ಬಿನ ಬೆಳಕು ಅಲ್ಲಿಗೆ ತಲುಪುತ್ತಿರಲಿಲ್ಲ. ಬಿಳೀ ಹಿಡಿ ಮಾತ್ರ ಕಾಣುತ್ತಿತ್ತು. ಅದರ ಹಿಂದೆ ಕತ್ತಲು ಉಸಿರಾಡುತ್ತಿತ್ತು. ಒಣ ಉಸಿರು, ಮುದುಕರದ್ದು.

"ಕೂತ್ಕೋ."

ಪಂಪಣ್ಣ ಗೋಡೆ ಹಿಡಿದ. ಮೆಟ್ಟಿಲ ಮೇಲೆ ಕುಸಿದು ಕೂತ.

"ಅಜ್ಜ..." ಅಂದ. "ತಪ್ಪಾಯ್ತು. ಗೊತ್ತಿರ್ಲಿಲ್ಲ."

ಕಂಬಿ ಮೆಲ್ಲಗೆ ತಿರುಗಿತು. ಅದರ ತುದಿ ಅವನ ಅಂಗಿಯ ಗುಂಡಿಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂತು. ತಣ್ಣಗೆ, ಎದೆಮೂಳೆಯ ಎಡಗಡೆ, ಒಂದು ಕಡೆ ನಿಂತು ಒತ್ತಿತು. ಇನ್ನೊಂದು ತುದಿಯಲ್ಲಿ ಮರ ಹಲ್ಲಿಗೆ ಸಿಕ್ಕ ಸದ್ದಾಯಿತು. ಕಿರ್ರ್... ಕಿಟ್. ಆಮೇಲೆ ನಿಶ್ಶಬ್ದ. ಹದಿನಾರು ವರ್ಷ ಪಂಪಣ್ಣ ಪಕ್ಕದಲ್ಲಿ ನಿಂತು ನೋಡಿದ್ದ ಅದೇ ನಿಶ್ಶಬ್ದ. ಅಜ್ಜ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಾನೆ ಅನ್ನುವುದು ಕಾಣದೆಯೂ ಗೊತ್ತಾಯಿತು. ಅರ್ಧ ನಿಮಿಷ.

"ಪಂಪಲ್ಲ," ಅಂದಿತು ದನಿ. "ಹಲ್ಲಲ್ಲ... ಇದು."

ತುದಿ ಇನ್ನೊಂದು ಸಲ ಒತ್ತಿತು.

"ಎಂಟು ದಿನ ಇಲ್ಲ ಕಣೋ."

ಪಂಪಣ್ಣನಿಗೆ ಆಗ ಎಲ್ಲ ಒಟ್ಟಿಗೆ ಬಂದು ಹೊಡೆಯಿತು. ಅಜ್ಜಿ ಹೇಳಿದ ದವಡೆ, ತೋಳು, ಬೆವರು, ಗೋಡೆಗೆ ಒರಗಿದ ರಾತ್ರಿಗಳು. ಕಿತ್ತ ಮೇಲೂ ಹೋಗದ ನೋವು. ಇದೇ ನೋವನ್ನು ಹೊತ್ತುಕೊಂಡು ಇದೇ ಮೂವತ್ತೆಂಟು ಮೆಟ್ಟಿಲು ಹತ್ತಿ, ಮನೆಗೆ ಹೋಗಿ ಮಲಗೋಣ ಅಂತ ಹೊರಟು, ಬಾವಿಕಟ್ಟೆಯವರೆಗೆ ಮಾತ್ರ ತಲುಪಿದ ಒಬ್ಬ ಮುದುಕ. ಹೆಂಡತಿಯ ಕೊರಳಿನ ಅಳತೆ ಟೇಪು ಕಣ್ಣಿಗೆ ಕಟ್ಟಿತು. ಸಾಯಲು ಅವನಿಗೆ ಸ್ವಲ್ಪವೂ ಇಷ್ಟವಿರಲಿಲ್ಲ.

"ನಿದ್ದೆರಾಯ," ಅಂತ ಪಿಸುಗುಟ್ಟಿದ. ಅಷ್ಟು ಸಣ್ಣ ದನಿ ಮೋಟಾರಿನ ಸದ್ದಿನಲ್ಲಿ ಮೇಲಕ್ಕೆ ಹೇಗೆ ಕೇಳಿಸಿತೋ, ನಿದ್ದೆರಾಯನೇ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾನೆ. ಕಿವಿಯ ಪಕ್ಕದಲ್ಲೇ ಯಾರೋ ಕರೆದಂತಾಯಿತಂತೆ. ಅವನು ಇಳಿದು ಬಂದಾಗ ಪಂಪಣ್ಣ ಒಬ್ಬನೇ ಕೂತಿದ್ದ, ಮುಖ ಬೂದಿಯಾಗಿತ್ತು.

"ಏನಾಯ್ತೋ? ಗ್ಯಾಸಾ? ಬಾ ಮೇಲೆ, ಗಾಳಿ ಬರುತ್ತೆ. ಸೋಡಾ ಇದೆ."

"ಮೇಲೆ ಬರಲ್ಲ. ಆಂಬುಲೆನ್ಸ್ ಕರಿ."

"ಗ್ಯಾಸಿಗೆ ಆಂಬುಲೆನ್ಸಾ? ಮಾನ ಹೋಗುತ್ತೆ ಮಾರಾಯ. ಭುಜ ಹಿಡ್ಕೋ, ನಿಧಾನಕ್ಕೆ ಹತ್ತು."

"ಹತ್ತಲ್ಲ. ಎದೆ ಇದು. ಹೃದಯ. ಕರಿಯೋ, ಕೈ ಮುಗೀತೀನಿ."

ಇಷ್ಟು ವರ್ಷದಲ್ಲಿ ಪಂಪಣ್ಣ ಯಾರಿಗೂ ಕೈ ಮುಗಿದದ್ದನ್ನು ನಿದ್ದೆರಾಯ ನೋಡಿರಲಿಲ್ಲ. ಬೊಕ್ಕಬಾಯಲ್ಲೇ ಫೋನ್ ಮಾಡಿದ. ಆ ಕಡೆಯವರಿಗೆ ಅರ್ಥವಾಗದೆ ಎರಡು ಸಲ ಹೇಳಬೇಕಾಯಿತು. ಆಂಬುಲೆನ್ಸ್ ಬರುವ ತನಕ ಒಂದು ಮೆಟ್ಟಿಲು ಕೆಳಗೆ ಕೂತು, ಪಂಪಣ್ಣನ ಎರಡೂ ಕಾಲನ್ನು ತಬ್ಬಿ ಹಿಡಿದುಕೊಂಡಿದ್ದ. ಆಂಬುಲೆನ್ಸಿನವರು ಇಬ್ಬರು, ಕುರ್ಚಿಯಂಥದ್ದರಲ್ಲಿ ಕೂರಿಸಿ, ಎತ್ತಿಕೊಂಡೇ ಮೂವತ್ತೆಂಟು ಮೆಟ್ಟಿಲು ಹತ್ತಿದರು. ಬಾವಿಯನ್ನು ದಾಟುವಾಗ ಗಾಜಿನಾಚೆ ನಾಯಿಗಳು ಬೊಗಳುತ್ತಿದ್ದವು. ಎಲ್ಲ ವಾಪಸ್ಸು ಬಂದಿದ್ದವು.

ಆಸ್ಪತ್ರೆಯಲ್ಲಿ ನರ್ಸು ಇಸಿಜಿಯ ವಯರು ಅಂಟಿಸಲು ಅಂಗಿ ಬಿಚ್ಚಿ, ಗೊಣಗಿದಳು. "ಏನ್ರೀ ಇದು, ಎದೆ ಮೇಲೆ ಗ್ರೀಸು. ವಯರು ಅಂಟೋದು ಹೇಗೆ?" ಎದೆಮೂಳೆಯ ಎಡಗಡೆ, ಕಿರುಬೆರಳಿನ ದಪ್ಪದ ದುಂಡನೆಯ ಕಪ್ಪು ಗುರುತು. ಸ್ಪಿರಿಟ್ ಹಾಕಿ ಒರೆಸಿದಳು. ಗ್ರೀಸು ಹೋಯಿತು. ಕೆಳಗೆ ಕೆಂಪಗೆ ಒಂದು ಚುಕ್ಕೆ ಉಳಿಯಿತು.

ಡಾಕ್ಟರಮ್ಮ ಕಾಗದ ನೋಡಿದಳು, ಅವನನ್ನು ನೋಡಿದಳು. "ದವಡೆ ನೋವು ಎಷ್ಟು ದಿನದಿಂದ?"

"ಹದಿನೈದು ದಿನ."

"ಎಡಗೈ? ಮೆಟ್ಟಿಲು ಹತ್ತಿದ್ರೆ ಉಸಿರು? ಬೆವರು?"

ಎಲ್ಲಕ್ಕೂ ತಲೆಯಾಡಿಸಿದ. ಡಾಕ್ಟರಮ್ಮ ಬೈಯಲಿಲ್ಲ. ಕೈಗವಸು ಹಾಕಿಕೊಳ್ಳುತ್ತ ಅಂದಳು: "ಎಲ್ಲರಿಗೂ ಎದೆ ಹಿಡ್ಕೊಂಡು ಬೀಳೋ ಹಾಗೇ ಬರಲ್ಲ. ದವಡೆಗೆ ಬರುತ್ತೆ, ಬೆನ್ನಿಗೆ ಬರುತ್ತೆ, ಹೊಟ್ಟೆ ಉರಿ ಅನ್ಸುತ್ತೆ. ಇವತ್ತು ನೀವು ನಡೀದೆ ಕೂತ್ರಲ್ಲ, ಅದು ನಿಮ್ಮನ್ನ ಇಲ್ಲಿಗೆ ತಲುಪಿಸ್ತು. ಯಾರು ಹೇಳಿದ್ರು ನಿಮಗೆ ಕೂರೋಕೆ?"

"ನಮ್ಮ ಮೇಸ್ತ್ರಿ," ಅಂದ ಪಂಪಣ್ಣ.

ಮುಚ್ಚಿಹೋಗಿದ್ದ ಒಂದು ರಕ್ತನಾಳವನ್ನು ಆ ರಾತ್ರಿಯೇ ಬಿಡಿಸಿ ಸ್ಟೆಂಟ್ ಹಾಕಿದರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು, ಬಾಯಿ ಮಾತ್ರ ಬಿಟ್ಟುಕೊಡಲಿಲ್ಲ. "ಹತ್ತು ಗಂಟೆ ಆಯ್ತು. ಹಲ್ಲಿನ ಡಾಕ್ಟ್ರ ಹತ್ರ ಈ ಸಲಾನೂ ತಪ್ಪಿಸ್ಕೊಂಡ್ರಿ," ಅಂದಳು. ಅವನು ನಾಲಿಗೆಯಿಂದ ದವಡೆ ತಡವಿ ನೋಡಿಕೊಂಡ. ಹದಿನೈದು ದಿನದ ನೋವು ಹೇಳಹೆಸರಿಲ್ಲದೆ ಹೋಗಿತ್ತು. ಹಲ್ಲುಗಳೆಲ್ಲ ಇದ್ದವು, ಒಂದೂ ಕಡಿಮೆಯಿಲ್ಲ.

ಮನೆಗೆ ಬಂದ ಮೇಲೆ ಅವನು ಮೊದಲು ಹೇಳಿಕಳಿಸಿದ್ದು ಅಜ್ಜಿಗೆ. ಅವಳು ಮಗಳ ಕೈ ಹಿಡಿದುಕೊಂಡು ಬಂದು, ಮಂಚದ ಅಂಚಿನಲ್ಲಿ ಕೂತು ಪೂರ್ತಿ ಕೇಳಿದಳು. ಗೋಡೆಯಾಚೆ ನಾವೂ ಕೇಳಿಸಿಕೊಂಡೆವು. ಅಜ್ಜಿ ಅಳಲಿಲ್ಲ. "ತಾನು ಕೇಳಿಸ್ಕೊಳ್ಳಲಾರದ್ದನ್ನ ನಿನಗೆ ಕೇಳಿಸಿದಾರೆ. ಇನ್ನು ಆ ಸ್ಕೂಟರ್ ವಿಷಯ ಬಿಟ್ಟುಬಿಡು," ಅಂದಳು.

ಅದೇ ಸಂಜೆ ನಿದ್ದೆರಾಯ ಕಂಬಿ ತಂದುಕೊಟ್ಟ. ಎರಡನೇ ಪಂಪಿನ ಪಕ್ಕ ಬಿದ್ದಿತ್ತಂತೆ. ಕೊಡುವಾಗ ಅವನ ಮುಖ ಒಂದು ಥರ ಇತ್ತು.

"ಹೊಸ ಹಿಡಿ ಹಾಕಿಸಿ ಅದೇ ದಿನ ಹಿಂಗೆ ಕಚ್ಚಿ ಹಾಕಿದೀಯಲ್ಲೋ."

"ನಾನು ಕಚ್ಚಿಲ್ಲ."

"ಮತ್ತೆ ನಾನಾ?" ಅಂತ ನಿದ್ದೆರಾಯ ತನ್ನ ಹಲ್ಲಿನ ಸೆಟ್ಟು ತೆಗೆದು ತೋರಿಸಿದ. "ಆವತ್ತು ರಾತ್ರಿ ಇದು ಲೋಟದಲ್ಲಿತ್ತು."

ಪಂಪಣ್ಣ ಹಿಡಿಯನ್ನು ದೀಪದ ಹತ್ತಿರ ಹಿಡಿದ. ಹೆಂಡತಿಯೂ ಬಗ್ಗಿ ನೋಡಿದಳು.

ಆ ಕಂಬಿ ಈಗಲೂ ಪಂಪ್‌ಹೌಸಿನ ಮೊಳೆಗೇ ಇದೆ. ಹಿಡಿಯನ್ನು ಯಾರೂ ಬದಲಿಸಿಲ್ಲ, ಯಾರೂ ಕಚ್ಚುವುದೂ ಇಲ್ಲ. ನಂಬದಿದ್ದರೆ ಹೋಗಿ ನೋಡಬಹುದು, ನಾನೂ ನೋಡಿಯೇ ಹೇಳುತ್ತಿರುವುದು. ಬಿಳೀ ಮರದಲ್ಲಿ ಹಲ್ಲಿನ ಗುರುತು ಎರಡು ಸಾಲು. ಮೇಲಿನ ಸಾಲಿನಲ್ಲಿ ಆರು, ಒತ್ತೊತ್ತಾಗಿ. ಕೆಳಗಿನ ಸಾಲಿನಲ್ಲಿ ಐದು. ಹಿಂದಿನಿಂದ ಎಣಿಸಿದರೆ ಒಂದು, ಎರಡು... ಮೂರನೆಯದರ ಜಾಗದಲ್ಲಿ ಮರ ನುಣ್ಣಗಿದೆ.